ಸುತ್ತಿಗೆ ಸಾಹುಕಾರನ ಗೋದಾಮು

ಸೋಮವಾರ ಬೆಳಿಗ್ಗೆ ಹತ್ತೂ ಕಾಲಿಗೆ ಠಾಣೆಗೆ ಬಂದ ದೂರುದಾರನಿಗೆ ಸುಮಾರು ಮೂವತ್ತೈದು ವರ್ಷ. ತಲೆ ಬಾಚಿರಲಿಲ್ಲ, ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು. ಹೆಡ್ ಕಾನ್‌ಸ್ಟೇಬಲ್ ಅವನನ್ನು ಬೆಂಚಿನ ಮೇಲೆ ಕೂರಿಸಿ ಮೊದಲು ನೀರು ಕೊಟ್ಟರು. ನೀರು ಕುಡಿಯದವನ ಹೇಳಿಕೆ ಬರೆಯಲು ಕೂತರೆ ಅರ್ಧ ಪುಟಕ್ಕೇ ಅಳು ಶುರುವಾಗುತ್ತದೆ ಎಂಬುದು ಅವರ ಸೇವಾನುಭವ.

“ಏನು ಕಳುವಾಗಿದೆ?”

“ಗೋದಾಮು ಪೂರ್ತಿ ಸರ್. ಗುಡಿಸಿ ಗುಂಡಾಂತರ ಮಾಡಿಬಿಟ್ಟಿದಾರೆ.”

“ಒಳಗೆ ಏನೇನಿತ್ತು?”

“ಮೊಳೆ ಹನ್ನೊಂದು ಸಾವಿರ. ಬಾಗಿಲ ಹಿಂಜಸ್ ನಾನೂರು ಜೊತೆ. ಕುದುರೆ ಲಾಳ ಅರವತ್ತು. ಎತ್ತಿನ ಗಾಡಿ ಎರಡು.”

ಲಾಳದ ಹತ್ತಿರ ಪೆನ್ನು ಒಂದು ಕ್ಷಣ ತಡವರಿಸಿದರೂ ಹೆಡ್ ಬರೆದುಕೊಂಡರು. ಒಳಗಿನಿಂದ ಇನ್‌ಸ್ಪೆಕ್ಟರ್ ಹೊರಬಂದು ಟೋಪಿ ಏರಿಸಿದರು. ಎರಡು ತಿಂಗಳಿಂದ ಠಾಣೆಗೆ ಬರುತ್ತಿದ್ದುದೆಲ್ಲ ನಲ್ಲಿ ಜಗಳ, ನಾಯಿ ಜಗಳ. ಇದು ಕೇಸು ಎಂದರೆ ಕೇಸು.

“ಅಷ್ಟು ಮಾಲು ಹೊರೋಕೆ ಕಮ್ಮಿ ಅಂದ್ರೂ ನಾಲ್ಕು ಜನ ಬೇಕು. ಜೀಪ್ ತೆಗೀರಿ. ಗೋದಾಮು ಎಲ್ಲಿ?”

“ಉತ್ತರ ಬಂದರಿನ ಪಕ್ಕ ಸರ್.”

“ನಮ್ಮೂರಿಗೆ ಸಮುದ್ರವೇ ಇಲ್ವಲ್ಲಯ್ಯ.”

“ಆಟದಲ್ಲಿದೆ ಸರ್.”

ಹೊರಗೆ ಜೀಪು ಗುರ್ ಅಂದದ್ದು ಹಾಗೇ ನಿಂತಿತು.

ಆಮೇಲೆ ಅರ್ಧ ಗಂಟೆ ಮಹಿಳಾ ಕಾನ್‌ಸ್ಟೇಬಲ್ ಇಬ್ಬರಿಗೂ ಪಾಠ ಮಾಡಬೇಕಾಯಿತು. ಫೋನಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಆಟ. ಯುದ್ಧ ಬೇಕಾದವರು ಯುದ್ಧ ಮಾಡುತ್ತಾರೆ, ಬೇಡದವರು ಮರ ಕಡಿದು, ಕಬ್ಬಿಣ ಕಾಯಿಸಿ, ಸಂತೆಯಲ್ಲಿ ಮಾರುತ್ತಾರೆ. ಮಾಲು ಹೆಚ್ಚಾದರೆ ಬೆಲೆ ಇಳಿಯುತ್ತದೆ, ಕಮ್ಮಿಯಾದರೆ ಏರುತ್ತದೆ. ಆ ಸಂತೆಯಲ್ಲಿ ದೂರುದಾರನ ಹೆಸರು ಸುತ್ತಿಗೆ ಸಾಹುಕಾರ. ಅವನ ಮಾಲಿನ ಮೇಲೆ ಜೋಡಿ ಸುತ್ತಿಗೆಯ ಮುದ್ರೆ. ಭಾನುವಾರ ಯಾರೋ ಅವನ ಪಾಸ್‌ವರ್ಡ್ ಹಾಕಿ ಒಳಹೊಕ್ಕು ಗೋದಾಮನ್ನೆಲ್ಲ ಹೊಸ ಆಟಗಾರನೊಬ್ಬನಿಗೆ ಉಡುಗೊರೆ ಕೊಟ್ಟುಬಿಟ್ಟಿದ್ದರು.

“ಹೊಸಬನ ಹೆಸರು?”

“ಯಾರೋ ಒಬ್ರು.”

“ಯಾರು ಅಂತ ಕೇಳ್ತಿದೀನಿ.”

“ಅದೇ ಸರ್, ಅವನು ಇಟ್ಕೊಂಡಿರೋ ಹೆಸರೇ ‘ಯಾರೋ ಒಬ್ರು’. ಮಾತಾಡ್ಸೋಕೆ ಹೋದೆ, ನನ್ನನ್ನೇ ಬ್ಲಾಕ್ ಮಾಡ್ಬಿಟ್ಟ.”

“ಬರ್ಕೊಳ್ರೀ. ಎಲ್ಲ ಎಫ್‌ಐಆರ್‌ನಲ್ಲೂ ಬರೆಯೋದು ಅದನ್ನೇ ತಾನೆ,” ಎಂದು ನಿಟ್ಟುಸಿರಿಟ್ಟ ಇನ್‌ಸ್ಪೆಕ್ಟರ್ ದೂರುದಾರನ ಕಡೆ ತಿರುಗಿದರು. “ಇಲ್ನೋಡಪ್ಪ, ಇಲ್ಲದ ಮೊಳೆ ಹೋಯ್ತು ಅಂತ ಇರೋ ನಿದ್ದೆ ಯಾಕೆ ಕೆಡಿಸ್ಕೋತೀಯ? ಮನೆಗೆ ಹೋಗಿ ಸ್ನಾನ ಮಾಡು.”

“ಮೊಳೆ ಹಾಳಾಗ್ಲಿ ಸರ್. ಮಾತು ಕೊಟ್ಟಿದೀನಿ.” ಅವನು ಬೆಂಚಿನ ತುದಿಗೆ ಸರಿದ. “ನೂರು ಜನ ಸೇರಿ ಹೊಳೆಗೆ ಸೇತುವೆ ಕಟ್ತಿದಾರೆ. ಶನಿವಾರದೊಳಗೆ ಎಂಟು ಸಾವಿರ ಮೊಳೆ ಕೊಡ್ತೀನಿ ಅಂದಿದೀನಿ. ಕೊಡದಿದ್ರೆ ಸಂತೆಯೋರು ನನ್ನ ಮುದ್ರೆ ಕಿತ್ಕೋತಾರೆ. ಐದು ವರ್ಷದಲ್ಲಿ ಒಂದ್ಸಲಾನೂ ನಾನು ಮಾತು ತಪ್ಪಿಲ್ಲ ಸರ್. ಸೇತುವೆಯೋರಿಗೆ ಮುಖ ತೋರಿಸೋಕಾಗದೆ ಈಗ ಆ ಕಡೆ ಹೋಗೋದನ್ನೇ ಬಿಟ್ಟಿದೀನಿ.”

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಮಾತು ತಪ್ಪದ ವ್ಯಾಪಾರಿಯನ್ನು ಅವರು ಕಂಡು ಬಹಳ ಕಾಲವಾಗಿತ್ತು.

“ಮೊಳೆ ಇಲ್ಲದೆ ಇರ್ಬಹುದು ಸರ್, ಪಾಸ್‌ವರ್ಡ್ ಕದ್ದಿರೋದು ನಿಜ,” ಎಂದಳು ಮಹಿಳಾ ಕಾನ್‌ಸ್ಟೇಬಲ್. “ಬೇರೆಯೋರ ಖಾತೆಗೆ ಕೇಳದೆ ನುಗ್ಗೋದು ಅಪರಾಧ.”

ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಂಚನಾಮೆ. ಕಳುವಾದ ಜಾಗದ ಪಂಚನಾಮೆ ಆಗದೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ ಎಂದು ಹೆಡ್ ಪಟ್ಟು ಹಿಡಿದರು. ಪಂಚರಾಗಿ ಎದುರಿನ ಟೀ ಅಂಗಡಿಯವನೂ, ಕಳೆದುಹೋದ ಪರ್ಸಿಗಾಗಿ ದೂರು ಕೊಡಲು ಬಂದಿದ್ದ ನಿವೃತ್ತ ಮೇಷ್ಟ್ರೂ ಕಂಪ್ಯೂಟರಿನ ಮುಂದೆ ಕೂತರು. ದೂರುದಾರನ ಖಾತೆ ತೆರೆದು ಖಾಲಿ ಗೋದಾಮನ್ನು ತೋರಿಸಲಾಯಿತು. ಹೆಡ್ ಚಕ್ಕುಬಂದಿ ಬರೆದರು: ಉತ್ತರಕ್ಕೆ ಸಮುದ್ರ, ಪೂರ್ವಕ್ಕೆ ಮಾಟಗಾತಿಯ ಸ್ವಂತ ಮನೆ, ಪಶ್ಚಿಮಕ್ಕೆ ರಸ್ತೆ, ದಕ್ಷಿಣಕ್ಕೆ ಡ್ರ್ಯಾಗನ್ ಒಂದು, ಮಲಗಿರುವ ಸ್ಥಿತಿಯಲ್ಲಿ.

“ಡ್ರ್ಯಾಗನ್ ಪ್ರತ್ಯಕ್ಷ ಸಾಕ್ಷಿ ಆಗುತ್ತಾ ಸರ್?” ಎಂದು ಹೆಡ್ ಕೇಳಿದರು.

“ಎಬ್ಬಿಸಿ ಕೇಳಿ ನೀವೇ,” ಎಂದರು ಇನ್‌ಸ್ಪೆಕ್ಟರ್.

ಟೀ ಅಂಗಡಿಯವನು ಮಾತಿಲ್ಲದೆ ರುಜು ಹಾಕಿದ. ಮೇಷ್ಟ್ರು ಮಾತ್ರ, ಮಾಟಗಾತಿಯ ಮನೆ ಸ್ವಂತದ್ದೋ ಬಾಡಿಗೆಯದೋ ತಮಗೆ ತಿಳಿಯದು ಎಂದು ಒಂದು ಸಾಲು ಸೇರಿಸಿಯೇ ರುಜು ಹಾಕಿದರು.

ಆಟದ ಕಂಪನಿಗೆ ಮೇಲ್ ಹೋಯಿತು. ನಿಮ್ಮ ತೊಂದರೆಗೆ ವಿಷಾದವಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕ್ಷಣದಲ್ಲೇ ಉತ್ತರ ಬಂತು. ಇನ್‌ಸ್ಪೆಕ್ಟರ್ ತಮ್ಮ ಭುಜ ನೋಡಿಕೊಂಡು ಮೂರು ಕೊಟ್ಟರು.

ಹೀಗಾಗಿ ಕಳ್ಳನನ್ನು ಸಂತೆಯಲ್ಲೇ ಹಿಡಿಯುವುದೆಂದು ತೀರ್ಮಾನವಾಯಿತು. ಮಹಿಳಾ ಕಾನ್‌ಸ್ಟೇಬಲ್ ಗಿರಾಕಿಯ ವೇಷದಲ್ಲಿ ಹೋಗಬೇಕು. ಹೊಸ ಹೆಸರು ಬೇಕಿತ್ತು.

“ಮಫ್ತಿ ಅಂತ ಇಡೋಣ,” ಎಂದರು ಹೆಡ್.

“ಮಫ್ತಿಯಲ್ಲಿರೋರು ಎದೆ ಮೇಲೆ ಮಫ್ತಿ ಅಂತ ಬೋರ್ಡ್ ಹಾಕ್ಕೋತಾರೇನ್ರೀ?”

ಕೊನೆಗೆ ‘ಚಿಕ್ಕಮ್ಮ’ ಎಂದಾಯಿತು. ಚಿಕ್ಕಮ್ಮನ ಕೈಯಲ್ಲಿ ಬಿಡಿಗಾಸಿರಲಿಲ್ಲ. ಆ ಲೋಕದಲ್ಲಿ ಹೊಸಬರು ಅಣಬೆ ಕಿತ್ತು ಮಾರಿ ನಾಣ್ಯ ಸಂಪಾದಿಸಬೇಕು. ಮಂಗಳವಾರದ ಠಾಣಾ ದಿನಚರಿಯಲ್ಲಿ ಹೆಡ್ ನಮೂದಿಸಿದರು: ‘ಮ.ಕಾ. ಇವರು ಕರ್ತವ್ಯದ ನಿಮಿತ್ತ ಅಣಬೆ ಕೀಳಲು ತೆರಳಿರುತ್ತಾರೆ.’ ಮಧ್ಯಾಹ್ನ ಇನ್ನೊಂದು ನಮೂದು: ‘ತೋಳ ಕಚ್ಚಿ ಮೃತಪಟ್ಟಿದ್ದು, ಕೂಡಲೇ ಕರ್ತವ್ಯಕ್ಕೆ ಮರಳಿರುತ್ತಾರೆ.’

ಸಂಜೆ ಚಿಕ್ಕಮ್ಮ ಸಂತೆಗೆ ಹೋದಳು. ಮೊಳೆಯ ಬೆಲೆ ನೆಲ ಕಚ್ಚಿತ್ತು. ಕಬ್ಬಿಣದ ವ್ಯಾಪಾರಿಗಳೆಲ್ಲ ತಲೆಯ ಮೇಲೆ ಕೈ ಹೊತ್ತಿದ್ದರು. ‘ಯಾರೋ ಒಬ್ರು’ ಅಂಗಡಿಯ ಮುಂದೆ ಮಾತ್ರ ಸಾಲು. ಕಾಲು ಬೆಲೆ, ಮೇಲೆ ಒಂದು ಹಿಡಿ ಕೊಸರು. ಎಲ್ಲ ಮಾಲಿನ ಮೇಲೂ ಜೋಡಿ ಸುತ್ತಿಗೆಯ ಮುದ್ರೆ. ಅಲ್ಲಿ ವ್ಯಾಪಾರ ಕುದುರಬೇಕಾದರೆ ಇವರು ನಾಣ್ಯ ಇಡಬೇಕು, ಅವರು ಮಾಲು ಇಡಬೇಕು, ಇಬ್ಬರೂ ‘ಒಪ್ಪಿಗೆ’ ಒತ್ತಬೇಕು. ಚಿಕ್ಕಮ್ಮ ನಾಣ್ಯ ಇಟ್ಟು, ಎರಡು ಜೊತೆ ಹಿಂಜಸ್ ಕೊಡಿ ಎಂದು ಟೈಪ್ ಮಾಡಿದಳು. ಇನ್‌ಸ್ಪೆಕ್ಟರ್, ಹೆಡ್ ಹಿಂದೆ ನಿಂತು ನೋಡುತ್ತಿದ್ದರು.

‘ಬಾಗಿಲು ಯಾವ ಮರದ್ದು?’ ಎಂದು ಬಂತು ಉತ್ತರ.

‘ಯಾವ್ದೋ ಒಂದು.’

‘ಯಾವ್ದೋ ಒಂದಕ್ಕೆ ಯಾವ್ದೋ ಹಿಂಜಸ್ ಕೊಡಕ್ಕಾಗಲ್ಲಮ್ಮ. ಒಳಗೆ ತೆಗೆಯುತ್ತೋ ಹೊರಗೋ?’

‘ಬಾಗಿಲು ಇನ್ನೂ ಇಲ್ಲ.’

‘ಬಾಗಿಲಿಲ್ಲದೆ ಹಿಂಜಸ್ ತಗೊಂಡು ಉಪ್ಪಿನಕಾಯಿ ಹಾಕ್ತೀರಾ? ಅಳತೆ ತಗೊಂಡು ಬನ್ನಿ.’

ಒಪ್ಪಿಗೆ ಬೀಳಲಿಲ್ಲ. ನಾಣ್ಯ ವಾಪಸ್ ಬಂತು.

“ಆ ಲೋಕದಲ್ಲಿ ಎಲ್ಲ ಬಾಗಿಲೂ ಒಂದೇ ಅಳತೆ ಸರ್,” ಎಂದಳು ಮಹಿಳಾ ಕಾನ್‌ಸ್ಟೇಬಲ್ ಬೆರಗಾಗಿ. “ಭಾರ ಅನ್ನೋದೇ ಇಲ್ಲ.”

“ಕದ್ದ ಮಾಲನ್ನೂ ಅಳತೆ ಕೇಳ್ದೆ ಮಾರಲ್ಲ ಅಂದ್ರೆ...” ಇನ್‌ಸ್ಪೆಕ್ಟರ್ ಗದ್ದ ಕೆರೆದುಕೊಂಡರು. “ಇವನಿಗೆ ಕಳ್ಳತನ ಹೊಸದು ಕಣ್ರೀ. ಹಾರ್ಡ್‌ವೇರ್ ಹಳೇದು.”

ಬುಧವಾರ ದೂರುದಾರನ ಮರುಹೇಳಿಕೆಗೆಂದು ಅವನು ಕೊಟ್ಟ ವಿಳಾಸಕ್ಕೆ ಹೋದರು. ಇನ್‌ಸ್ಪೆಕ್ಟರ್ ಸಾದಾ ಅಂಗಿಯಲ್ಲಿದ್ದರು, ಮಹಿಳಾ ಕಾನ್‌ಸ್ಟೇಬಲ್ ಚೂಡಿದಾರದಲ್ಲಿದ್ದಳು. ಅದು ಮನೆಯಲ್ಲ, ಅಂಗಡಿ. ಮೊಳೆ, ಸ್ಕ್ರೂ, ಚಿಲಕ, ಬಣ್ಣದ ಡಬ್ಬ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆಗಳು, ಪ್ರತಿ ಖಾನೆಯ ಬಾಯಿಗೂ ಒಳಗಿನ ಮಾಲಿನ ಒಂದು ಮಾದರಿ ತಂತಿಯಲ್ಲಿ ಕಟ್ಟಿತ್ತು. ಮೂಲೆಯ ಸ್ಟೂಲಿನ ಮೇಲೆ ದೂರುದಾರ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದ. ಒಬ್ಬ ಗಿರಾಕಿ ಬಂದು ಒಂದಿಂಚಿನ ಸ್ಕ್ರೂ ಕೇಳಿದ. ಇವನು ತಲೆ ಎತ್ತದೆ “ಇಲ್ಲ” ಎಂದ. ಸ್ಕ್ರೂ ಅವನ ಮೊಣಕೈ ಕೆಳಗೇ ಇತ್ತು.

“ನಿನ್ನ ಪಾಸ್‌ವರ್ಡ್ ಏನಯ್ಯ?” ಇನ್‌ಸ್ಪೆಕ್ಟರ್ ಕಿವಿಯಲ್ಲಿ ಕೇಳಿದರು.

“ಅಂಗಡಿ ಹೆಸರು ಸರ್. ಮರೀಬಾರದು ಅಂತ.”

ಇನ್‌ಸ್ಪೆಕ್ಟರ್ ಹೊರಗೆ ಹೋಗಿ, ಆಳೆತ್ತರದ ಅಕ್ಷರದಲ್ಲಿ ಬರೆದಿದ್ದ ಪಾಸ್‌ವರ್ಡನ್ನು ಓದಿ ಒಳಗೆ ಬಂದರು.

ಆಗ ಹಿಂದಿನ ಕೋಣೆಯಿಂದ ಒಬ್ಬ ಹೆಂಗಸು ತಂತಿಯ ಸುರುಳಿ ಹೊತ್ತುಕೊಂಡು ಬಂದಳು. ನಲವತ್ತೈದರ ಆಸುಪಾಸು, ಸೊಂಟಕ್ಕೆ ಅಳತೆ ಟೇಪು. “ಅಕ್ಕ,” ಎಂದು ದೂರುದಾರ ಪರಿಚಯಿಸಿದ. ಅಕ್ಕ ಸುರುಳಿ ಇಳಿಸಿ, ಹೋಗುತ್ತಿದ್ದ ಸ್ಕ್ರೂ ಗಿರಾಕಿಯನ್ನು ವಾಪಸ್ ಕರೆದು, ತೂಗಿ ಕೊಟ್ಟು, ಮೇಲೆ ಒಂದು ಹಿಡಿ ಹಾಕಿದಳು. ಅವನ ಹಿಂದೆ ನಿಂತಿದ್ದ ಮುದುಕಿ ಹಿಂಜಸ್ ಕೇಳಿದಳು.

“ಬಾಗಿಲು ಯಾವ ಮರದ್ದು ಅಜ್ಜಿ? ಒಳಗೆ ತೆಗೆಯುತ್ತೋ ಹೊರಗೋ?”

ಮಹಿಳಾ ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರರ ತೋಳು ಚಿವುಟಿದಳು. ಮೇಲಧಿಕಾರಿ ಎಂಬುದು ಆಮೇಲೆ ನೆನಪಾಯಿತು.

ಅಜ್ಜಿ ಹೋದ ಮೇಲೆ ಇನ್‌ಸ್ಪೆಕ್ಟರ್ ಕೌಂಟರಿಗೆ ಬಂದರು. “ನಮಗೂ ಒಂದು ಜೊತೆ ಬೇಕಿತ್ತಮ್ಮ. ಕಬ್ಬಿಣದ ಬಾಗಿಲು. ಸರಳಿಂದು.”

“ಹೊರಗೆ ತೆಗೆಯುತ್ತಾ?”

“ಹೊರಗೆ. ಒಳಗಿರೋರು ತೆಗೆಯೋ ಹಾಗಿಲ್ಲ.”

“ಅಳತೆ ತಂದಿದೀರಾ?”

“ಇಲ್ಲ. ನೀವೇ ಬಂದು ನೋಡ್ಬೇಕಾಗುತ್ತೆ.” ಇನ್‌ಸ್ಪೆಕ್ಟರ್ ಗುರುತಿನ ಚೀಟಿಯನ್ನು ತಕ್ಕಡಿಯ ಪಕ್ಕ ಇಟ್ಟರು. “ಯಾರೋ ಒಬ್ರು ಅಂದ್ರೆ ನೀವೇನಾ?”

ಅಕ್ಕ ಚೀಟಿ ನೋಡಿದಳು, ತಮ್ಮನನ್ನು ನೋಡಿದಳು. “ಹೌದು,” ಎಂದಳು.

ತಮ್ಮ ಸ್ಟೂಲಿನಿಂದ ಜಾರಿದ. “ಅಕ್ಕಾ, ನೀನಾ?”

“ನಾನೇ ಕಣೋ. ಬಾಯಿ ಮುಚ್ಚು, ನೊಣ ಹೋಗುತ್ತೆ.”

“ಶನಿವಾರ ನನ್ನ ಮಾನ ಹೋಗುತ್ತಲ್ಲೇ! ಸೇತುವೆಯೋರಿಗೆ ನಾನು...”

“ಸೇತುವೆ ಮಾಲು ಭಾನುವಾರವೇ ಹೋಯ್ತು. ಎಂಟು ಸಾವಿರ, ನಿನ್ನ ಹೆಸರಲ್ಲೇ. ಬೆಲೆ ಮಾತಾಡಿರೋ ಆರ್ಡರ್ ಬಾಕಿ ಇಟ್ಕೊಂಡು ಬೇರೆಯೋರಿಗೆ ಮಾರ್ತೀನೇನೋ ನಾನು? ಉಳಿದಿದ್ದನ್ನ ತಾನೇ ಮಾರಿದ್ದು.”

ಮಹಿಳಾ ಕಾನ್‌ಸ್ಟೇಬಲ್ ಫೋನು ತೆಗೆದು ಹೊಳೆಯ ಹತ್ತಿರ ಹೋಗಿ ನೋಡಿದಳು. ಸೇತುವೆ ಮುಗಿಯುತ್ತಾ ಬಂದಿತ್ತು. ಅದರ ಕಂಬದ ಮೇಲೆ ಯಾರೋ ಸುತ್ತಿಗೆ ಸಾಹುಕಾರನಿಗೆ ಧನ್ಯವಾದ ಬರೆದಿದ್ದರು.

ದೂರುದಾರ ಕೈ ಮುಗಿದ. “ಕಂಪ್ಲೇಂಟ್ ವಾಪಸ್ ತಗೋತೀನಿ ಸರ್.”

“ಎಫ್‌ಐಆರ್ ನಿನ್ನ ಆಟ ಅಲ್ಲಪ್ಪ, ಅಳಿಸಿ ಮೊದಲಿಂದ ಆಡೋಕೆ. ರಾಜಿ ಏನಿದ್ರೂ ಕೋರ್ಟಲ್ಲಿ.”

ಮಧ್ಯಾಹ್ನ ಹನ್ನೆರಡೂವರೆಗೆ ಮಹಿಳಾ ಕಾನ್‌ಸ್ಟೇಬಲ್ ಆರೋಪಿಯನ್ನು ಬಂಧಿಸಿ, ಫೋನನ್ನು ವಶಕ್ಕೆ ತೆಗೆದುಕೊಂಡಳು. ಬಂಧನದ ವಿಷಯವನ್ನು ಹತ್ತಿರದ ಸಂಬಂಧಿಗೆ ತಿಳಿಸಬೇಕೆಂದು ನಿಯಮ. ಹತ್ತಿರದ ಸಂಬಂಧಿ ದೂರುದಾರನೇ ಆಗಿದ್ದರಿಂದ ಅವನಿಗೇ ತಿಳಿಸಿ ರುಜು ಪಡೆಯಲಾಯಿತು. ಜೀಪು ಹತ್ತುವಾಗ ಅಕ್ಕ ಸೊಂಟದ ಟೇಪು ಬಿಚ್ಚಿ ತಮ್ಮನ ಕೈಗಿಟ್ಟಳು. ಅವನು ಅದನ್ನು ಹಾವು ಹಿಡಿದವನಂತೆ ಹಿಡಿದುಕೊಂಡ.

ಠಾಣೆಯಲ್ಲಿ ಹೇಳಿಕೆ ಬರೆಯುವ ಮುಂಚೆ ಹೆಡ್ ನೀರು ಕೊಟ್ಟರು. ಅಕ್ಕ ಅಳುವವಳಲ್ಲ.

“ತಮ್ಮನ ಮೇಲೆ ದ್ವೇಷವೇನಮ್ಮ?”

“ದ್ವೇಷ ಯಾಕೆ ಸರ್? ಎಲ್ಲಿ ಕಳೆದು ಹೋಗ್ತಾನೆ ಅಂತ ನೋಡೋಣ ಅಂತ ಒಳಗೆ ಹೋದೆ. ನೋಡಿದ್ರೆ ಅಲ್ಲೂ ಅಂಗಡಿ! ಅದೇ ಮೊಳೆ, ಅದೇ ಹಿಂಜಸ್. ಆದ್ರೆ ಅಲ್ಲಿ ಬಂದೋರನ್ನೆಲ್ಲ ಹೆಸರು ಹಿಡಿದು ಮಾತಾಡಿಸ್ತಾನೆ. ಹೋದ ವಾರ ತಗೊಂಡ ಲಾಳ ಹೇಗಿದೆ, ಕುದುರೆ ಕುಂಟೋದು ನಿಂತಿತಾ ಅಂತಾನೆ. ಥೇಟ್ ನಮ್ಮಪ್ಪ. ಅಪ್ಪ ಹೋದ್ಮೇಲೆ ಅಂಥ ವ್ಯಾಪಾರ ನಾನು ನೋಡೇ ಇರ್ಲಿಲ್ಲ.” ಸೊಂಟ ಒತ್ತಿಕೊಂಡಳು. “ಈ ಕಡೆ ಮೂಟೆ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಗಿದೆ. ಅಂಗಡಿ ಮುಚ್ಚೋಣ ಅಂತಿದ್ದೆ. ಆ ಅಂಗಡಿ ಖಾಲಿಯಾದ್ರೆ ಈ ಅಂಗಡಿಗೆ ಬರ್ತಾನೇನೋ ಅಂದ್ಕೊಂಡೆ. ನೆಟ್ಟಗೆ ಸ್ಟೇಷನ್‌ಗೆ ಬಂದ.”

ಹೆಡ್ ಪೆನ್ನು ಹಿಡಿದು ಕೂತರು. “ಉದ್ದೇಶ ಅನ್ನೋ ಕಡೆ ಏನ್ ಬರೀಲಿ ಸರ್? ದುರಾಸೆ ಅಂತಲಾ?”

“ಅಂಗಡಿಗೆ ಒಬ್ಬ ಆಳು ಬೇಕಾಗಿತ್ತು ಅಂತ ಬರೀರಿ.”

ಜಾಮೀನು ಕೊಡಬಹುದಾದ ಅಪರಾಧ. ಜಾಮೀನುದಾರನೊಬ್ಬ ಬಂದು ರುಜು ಹಾಕಿದರೆ ಅಕ್ಕ ಮನೆಗೆ ಹೋಗಬಹುದಿತ್ತು. ಇನ್‌ಸ್ಪೆಕ್ಟರ್ ನಾಲ್ಕು ಗಂಟೆಗೆ ಅಂಗಡಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದರು. ಆ ಕಡೆ ತಕ್ಕಡಿಗೆ ಮೊಳೆ ಸುರಿಯುವ ಸದ್ದು, ಮೂರು ನಾಲ್ಕು ಜನರ ಗಲಾಟೆ.

“ಬೇಗ ಬಾರಯ್ಯ, ಒಂದು ರುಜು ಹಾಕು. ನಿಮ್ಮಕ್ಕನ್ನ ಕರ್ಕೊಂಡು ಹೋಗು.”

“ಈಗ ಆಗಲ್ಲ ಸರ್.”

“ಏನಂದೆ?”

“ಗಿರಾಕಿಗಳು ನಿಂತಿದಾರೆ ಸರ್. ಬಡಗಿಯೋರು ಎರಡು ತಿಂಗಳ ಹಿಂದೆ ಹೇಳಿದ್ದ ಆರ್ಡರ್ ಕಟ್ತಾ ಇದೀನಿ. ಅಂಗಡಿ ಬಾಗಿಲು ಹಾಕ್ಕೊಂಡು ಬರ್ತೀನಿ.”

“ನಿಮ್ಮಕ್ಕ ಪೊಲೀಸ್ ಸ್ಟೇಷನ್ನಲ್ಲಿ ಕೂತಿದಾಳೆ ಕಣೋ, ಬೀಗರ ಮನೇಲಲ್ಲ!”

“ಗೊತ್ತು ಸರ್. ಆಮೇಲೆ ಮಾಡ್ತೀನಿ, ತೂಕ ತಪ್ಪೋಗುತ್ತೆ,” ಎಂದು ಅವನು ಫೋನ್ ಇಟ್ಟುಬಿಟ್ಟ.

ಇನ್‌ಸ್ಪೆಕ್ಟರ್ ಬೈಯಲು ಬಾಯಿ ತೆರೆದವರು ಬೆಂಚಿನ ಕಡೆ ನೋಡಿದರು. ಅಕ್ಕ ಚಪ್ಪಲಿ ಬಿಟ್ಟು, ಕಾಲು ಮೇಲೆ ತೆಗೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು ಹಾಯಾಗಿ ಕೂತಿದ್ದಳು.

“ಬೈಬೇಡಿ ಸರ್, ವ್ಯಾಪಾರದ ಹೊತ್ತು,” ಎಂದಳು. “ನಂಗೇನು ಅವಸರ ಇಲ್ಲ.”