ಬಿಳಿ ಕಾರಿನ ಎಡಬಾಗಿಲು

ಅಕ್ಟೋಬರ್ ಎಂಟು, ಭಾನುವಾರ. ಸಂಜೆ ನಾಲ್ಕರ ಸುಮಾರಿಗೆ ಆಲ್ಡರ್ ಕ್ರೀಕ್ ಪೊಲೀಸ್ ಠಾಣೆಗೆ ಡ್ವೇನ್ ಕೌಫ್‌ಮನ್ ಎಂಬಾತ ಬಂದು, ತನ್ನ ಮನೆಯ ಗ್ಯಾರೇಜಿನಲ್ಲಿ ಕಳ್ಳತನವಾಗಿದೆ ಎಂದು ದೂರು ಕೊಟ್ಟ. ವಯಸ್ಸು ಮೂವತ್ತೆಂಟು, ಮನೆಗಳಿಗೆ ಹೀಟರ್ ಕೂರಿಸುವ ಕೆಲಸ. ಠಾಣೆಯಲ್ಲಿದ್ದ ಕಾನ್‌ಸ್ಟೇಬಲ್ ಕೋಡಿ ವ್ಯಾಂಡರ್‌ಲಾನ್ ದೂರು ಬರೆದುಕೊಳ್ಳತೊಡಗಿದ.

“ಏನೇನು ಹೋಗಿದೆ?”

“ಡ್ಯಾಶ್‌ಬೋರ್ಡು. ಸ್ಟೀರಿಂಗ್ ಚಕ್ರ. ಡ್ರೈವರ್ ಸೀಟು. ಆಮೇಲೆ ಎಡಗಡೆ ಬಾಗಿಲು.”

“ಮನೆ ಬಾಗಿಲಾ?”

“ಕಾರಿಂದು ಮಾರಾಯ, ಡ್ರೈವರ್ ಕಡೇದು.”

“ಮತ್ತೆ ಕಾರು?”

“ಕಾರು ಅಲ್ಲೇ ಇದೆ.”

ಕೋಡಿ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದ. ಡ್ವೇನ್ ನಗಲಿಲ್ಲ. ಅದು ಎಪ್ಪತ್ತಮೂರರ ಜಪಾನಿ ಡಾಟ್ಸನ್, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಆರು ವರ್ಷದಿಂದ ಅದನ್ನು ಅವನು ಮನೆಯಲ್ಲೇ ಬಿಚ್ಚಿ, ಕತ್ತರಿಸಿ, ಬೆಸೆದು ಹೊಸದಾಗಿ ಕಟ್ಟುತ್ತಿದ್ದ. ರಜೆಗಳೆಲ್ಲ ಅದರಲ್ಲೇ ಕಳೆದಿದ್ದವು. ಇವತ್ತು ಒಂದು ದಿನವಾದರೂ ಗ್ರೀಸು ತೊಳೆದುಕೊಂಡು ಬಾ ಎಂದು ಹೆಂಡತಿ ಟಾನ್ಯಾ ಅವನನ್ನು ಸೇಬಿನ ತೋಟಕ್ಕೆ, ಅಲ್ಲೇ ಹಿಂಡುವ ಸೇಬಿನ ರಸ ಸೈಡರ್ ಕುಡಿಯಲು ಕರೆದುಕೊಂಡು ಹೋಗಿದ್ದಳು. ಬಂದು ನೋಡಿದರೆ ಹೀಗಾಗಿತ್ತು.

“ವರ್ಷಕ್ಕೊಂದು ಸಲ ಹೊರಗೆ ಹೋದ್ರೆ ಹೀಗಾಗತ್ತೆ ನೋಡು,” ಎಂದ ಡ್ವೇನ್. “ಇನ್ನು ಅವಳು ಕರೆಯೋ ಹಾಗೂ ಇಲ್ಲ, ನಾನು ಹೋಗೋ ಹಾಗೂ ಇಲ್ಲ.”

ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಯೋಲಾಂಡಾ ಪ್ರೂಯಿಟ್ ಕೋಡಿಯನ್ನು ಕರೆದುಕೊಂಡು ಸ್ಥಳ ಪರಿಶೀಲನೆಗೆ ಹೋದರು. ಇಪ್ಪತ್ತೆರಡು ವರ್ಷ ಸೇವೆಯಾಗಿದ್ದ, ಕಡಿಮೆ ಮಾತಿನ ಹೆಂಗಸು. ಗ್ಯಾರೇಜಿನ ನಡುವೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿಳಿ ಕಾರು ನಿಂತಿತ್ತು. ನಾಲ್ಕೂ ಮಡ್‌ಗಾರ್ಡುಗಳನ್ನು ಕತ್ತರಿಸಿ ಅಗಲ ಮಾಡಲಾಗಿತ್ತು. ಒಳಗೆ ಉಕ್ಕಿನ ಕೊಳವೆಗಳ ಪಂಜರ. ಉದ್ದನೆಯ ಮೂತಿಯೊಳಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನು ಇಕ್ಕಟ್ಟಾಗಿ ಕೂತಿತ್ತು.

“ಆ ಎಂಜಿನ್ ಮುಟ್ಟಿಲ್ಲ. ವೆಲ್ಡಿಂಗ್ ಯಂತ್ರ ಮುಟ್ಟಿಲ್ಲ. ಹೊಸ ಚಕ್ರಗಳನ್ನೂ ಮುಟ್ಟಿಲ್ಲ,” ಎಂದ ಡ್ವೇನ್. “ಕಳ್ಳನಿಗೆ ಬುದ್ಧಿ ಇಲ್ಲ.”

ಯೋಲಾಂಡಾ ಬಗ್ಗಿ ಕಾರಿನೊಳಗೆ ಟಾರ್ಚ್ ಬಿಟ್ಟರು. ಸೀಟಿನ ಬೋಲ್ಟುಗಳನ್ನು ಬಿಚ್ಚಿದವನು ಮತ್ತೆ ಅವವೇ ತೂತುಗಳಲ್ಲಿ ತಿರುಗಿಸಿಟ್ಟು ಹೋಗಿದ್ದ. ಬಾಗಿಲಿನ ಬೋಲ್ಟುಗಳೂ ಹಾಗೇ. ಎಲ್ಲಿಯೂ ಒಂದು ಗೀರು ಬಿದ್ದಿರಲಿಲ್ಲ.

“ಡ್ಯಾಶ್‌ಬೋರ್ಡು ಇನ್ನೂ ಯಾಕೆ ಇಲ್ಲೇ ಇತ್ತು? ಉಳಿದದ್ದೆಲ್ಲ ಬಿಚ್ಚಿದೀಯಲ್ಲ.”

“ಅದೊಂದನ್ನ ಹಳೇದೇ ಇಟ್ಕೋಬೇಕು ಅಂತ ಆಸೆ ಮೇಡಂ. ಈ ವಯಸ್ಸಿನ ಡ್ಯಾಶ್‌ಬೋರ್ಡು ಉಸಿರು ತಾಗಿದ್ರೂ ಬಿರುಕು ಬಿಡತ್ತೆ. ಇದು ಒಂದೂ ಬಿರುಕಿಲ್ಲದ್ದು. ಬಿಚ್ಚೋಕೆ ನೋಡ್ದೆ, ಬರ್ಲಿಲ್ಲ. ಹಿಂದೆ ಎಲ್ಲೋ ಏನೋ ಹಿಡ್ಕೊಂಡಿತ್ತು. ಮುರಿದೀತು ಅಂತ ಬೆಂಕಿ ತಡೆಯೋ ಕಂಬಳಿ ಹೊದಿಸಿ ಬಿಟ್ಟಿದ್ದೆ.”

ಆ ಹಿಡಿದುಕೊಂಡಿದ್ದ ವಸ್ತು ಈಗ ಕಣ್ಣಿಗೆ ಬೀಳುತ್ತಿತ್ತು. ಡ್ಯಾಶ್‌ಬೋರ್ಡಿನ ಹಿಂಬದಿಯ ತಗಡಿಗೆ ಯಾರೋ ಕೈಯಾರೆ ಮಾಡಿ ಬೆಸೆದಿದ್ದ ಸಣ್ಣ ಕಬ್ಬಿಣದ ಪಟ್ಟಿ, ಅದರಲ್ಲಿ ಎರಡು ಸ್ಕ್ರೂ.

“ಇದು ಕಂಪನಿಯದಲ್ಲ,” ಎಂದ ಡ್ವೇನ್. “ಗಡಗಡ ಸದ್ದು ಬರಬಾರ್ದು ಅಂತ ಯಾರೋ ಮನೇಲಿ ಮಾಡಿ ಹಾಕಿರೋದು.”

“ಹಾಗಾದ್ರೆ ಅದನ್ನ ಹಾಕಿದವನೇ ಬಿಚ್ಚಿದಾನೆ,” ಎಂದರು ಯೋಲಾಂಡಾ. “ಈ ಕಾರು ಯಾರಿಂದ ತಗೊಂಡೆ?”

“ಲ್ಯಾನ್ಸಿಂಗ್‌ನ ವ್ಯಾಪಾರಿಯೊಬ್ಬನಿಂದ. ಅವನು ಅಂಗಡಿ ಮುಚ್ಚಿ ಫ್ಲೋರಿಡಾಕ್ಕೆ ಹೋದ.”

ಗ್ಯಾರೇಜಿನ ಪಕ್ಕದ ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಡ್ವೇನ್‌ಗೆ ಇರಲಿಲ್ಲ. ಮಹಜರು ಬರೆದು ಸಹಿ ಹಾಕಿಸಿಕೊಂಡು ಅವರು ಎದುರು ಮನೆಗೆ ಹೋದರು. ಅಲ್ಲಿ ಬರ್ನೀಸ್ ಫಿಂಚ್ ಎಂಬ ಅರವತ್ತು ದಾಟಿದ ಹೆಂಗಸು ವರಾಂಡದಲ್ಲಿ ಕುಂಬಳಕಾಯಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

“ನಿನ್ನೆ ಇಲ್ಲಿ ಯಾರಾದ್ರೂ ಬಂದಿದ್ದು ನೋಡಿದ್ರಾ?”

“ನೋಡೋದೇನು, ಬಾಗಿಲಿನ ಒಂದು ತುದಿ ನಾನೇ ಹಿಡ್ಕೊಂಡಿದ್ದೆ.”

ಕೋಡಿ ಕೆಮ್ಮಿದ.

“ಆ ಯಜಮಾನ ಒಬ್ಬನೇ ಒದ್ದಾಡ್ತಿದ್ದ,” ಎಂದರು ಬರ್ನೀಸ್. “ಎಪ್ಪತ್ತು ದಾಟಿರ್ಬೇಕು. ನೋಡಿ ಸುಮ್ನೆ ಇರಕ್ಕಾಗತ್ತಾ? ಇಬ್ರೂ ಸೇರಿ ಪಿಕಪ್‌ಗೆ ಹಾಕಿದ್ವಿ. ಹಸಿರು ಪಿಕಪ್ಪು. ಮಗೂನ ಸುತ್ತೋ ಹಾಗೆ ಕೌದೀಲಿ ಸುತ್ತಿದ ಬಾಗಿಲನ್ನ. ಡ್ವೇನ್ ಯಾರಿಗೋ ಮಾರಿದಾನೆ ಅಂದ್ಕೊಂಡೆ.”

“ಏನಾದ್ರೂ ಮಾತಾಡಿದ್ನಾ?”

“ಹುಷಾರು, ಹಿಡಿ ಕೆಳಗೆ ನೆಗ್ಗಿದೆ, ಅಲ್ಲಿ ಬಣ್ಣ ಏಳತ್ತೆ ಅಂದ. ನೆಗ್ಗಿರೋ ಬಾಗಿಲಿಗೆ ಇಷ್ಟೊಂದು ಉಪಚಾರ ನಾನು ಕಂಡಿಲ್ಲ.” ಆಮೇಲೆ ಅವರ ಮುಖ ಸಪ್ಪಗಾಯಿತು. “ನನ್ನನ್ನೂ ಒಳಗೆ ಹಾಕ್ತೀರಾ?”

“ಸದ್ಯಕ್ಕಿಲ್ಲ,” ಎಂದರು ಯೋಲಾಂಡಾ.

ಡ್ವೇನ್‌ಗೆ ಒಬ್ಬನ ಮೇಲೆ ಅನುಮಾನವಿತ್ತು. ಹಳೆಯ ಕಾರುಗಳ ಬಿಡಿಭಾಗ ಮಾರುವ ರಿಕ್ ಸ್ಟೌಡ್. ಆ ಡ್ಯಾಶ್‌ಬೋರ್ಡಿಗೆ ಅವನು ಎರಡು ಸಲ ಬೆಲೆ ಕೇಳಿದ್ದ. ಮಂಗಳವಾರ ಇನ್‌ಸ್ಪೆಕ್ಟರ್ ಅವನ ಅಂಗಡಿಗೆ ಹೋದಾಗ ರಿಕ್ ಚಿಲಿ ಎಂಬ ಮಾಂಸದ ಗೊಜ್ಜು ಸುರಿದ ಹಾಟ್ ಡಾಗ್ ತಿನ್ನುತ್ತ ಕೂತಿದ್ದ.

“ಭಾನುವಾರ ಎಲ್ಲಿದ್ದೆ?”

“ಅಣ್ಣನ ಮನೇಲಿ, ಫುಟ್‌ಬಾಲ್ ನೋಡ್ತಾ. ಹನ್ನೊಂದು ಜನ ಸಾಕ್ಷಿ ಇದಾರೆ. ನಾನು ಕದಿಯೋದಾದ್ರೆ ಎಂಜಿನ್ ಕದೀತಿದ್ದೆ ಮೇಡಂ. ಬಾಗಿಲು ಯಾರು ಕದೀತಾರೆ?”

“ಅದನ್ನೇ ಕೇಳ್ತಿದೀನಿ. ಬಾಗಿಲು ಯಾರು ಕೇಳಿದ್ರು?”

ರಿಕ್ ತಿನ್ನುವುದನ್ನು ನಿಲ್ಲಿಸಿದ. “ಒಬ್ರು ಕೇಳಿದ್ರು. ಆಗಸ್ಟ್‌ನಲ್ಲಿ. ಯಾರೋ ವಯಸ್ಸಾದವರು ಫೋನ್ ಮಾಡಿ, ಎಪ್ಪತ್ತಮೂರರ ಬಿಳಿ ಡಾಟ್ಸನ್ ಬಾಗಿಲು ಬೇಕು, ಎಡಗಡೇದು ಅಂದ್ರು. ಚೆನ್ನಾಗಿರೋದು ಒಂದಿದೆ ಅಂದೆ. ಚೆನ್ನಾಗಿರೋದು ಬೇಡ, ಹಿಡಿ ಕೆಳಗೆ ನೆಗ್ಗಿರೋದೇ ಬೇಕು ಅಂದ್ರು. ತಲೆ ಕೆಟ್ಟಿದೆ ಅಂದ್ಕೊಂಡೆ. ಅಂಥದ್ದು ಡ್ವೇನ್ ಕೌಫ್‌ಮನ್ ಕಾರಲ್ಲಿದೆ, ಅವನನ್ನ ಕೇಳಿ ಅಂತ ಹೇಳಿ ಇಟ್ಬಿಟ್ಟೆ.”

ಅಂಗಡಿಯ ಫೋನಿನ ಕರೆಗಳನ್ನು ತೆಗೆಸಿ ನೋಡಿದಾಗ ಆ ಸಂಖ್ಯೆ ಸಿಕ್ಕಿತು. ಮನೆಯ ಫೋನು. ವಾಲ್ಟ್ ಜಬ್ಲೋನ್‌ಸ್ಕಿ, ವಯಸ್ಸು ಎಪ್ಪತ್ತಾರು, ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಯ ನಿವೃತ್ತ ನೌಕರ. ಹಳೆಯ ಅಪರಾಧ ಒಂದೂ ಇಲ್ಲ. ಅವರ ಹೆಸರಿನಲ್ಲಿ ಒಂದು ಹಸಿರು ಪಿಕಪ್ ಇತ್ತು.

ಗುರುವಾರ ಬೆಳಿಗ್ಗೆ ಶೋಧನಾ ವಾರಂಟ್ ಹಿಡಿದು ಯೋಲಾಂಡಾ ಮತ್ತು ಕೋಡಿ ಉತ್ತರಕ್ಕೆ ಹೊರಟರು. ಬೀಟ್ ಕಟಾವಿನ ಕಾಲ, ರಸ್ತೆಯ ತುಂಬ ಮಣ್ಣು ಸುರಿಸುತ್ತ ಹೋಗುವ ಲಾರಿಗಳು. ವಾಲ್ಟ್ ಮನೆಯ ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟ ಉದ್ದನೆಯ ಮುದುಕ.

“ಸೋಮವಾರದಿಂದ ಕಾಯ್ತಿದೀನಿ,” ಎಂದರು ವಾಲ್ಟ್. “ಕಾಫಿ ಇದೆ.”

“ವಸ್ತುಗಳು ಎಲ್ಲಿವೆ?”

“ಗ್ಯಾರೇಜಲ್ಲಿ. ಆದ್ರೆ ಸ್ವಲ್ಪ ಮೆಲ್ಲಗೆ ಬನ್ನಿ. ಅವಳು ಓಡಿಸ್ತಿದಾಳೆ.”

ಗ್ಯಾರೇಜಿನಲ್ಲಿ ಹಲಗೆಗಳ ಅಟ್ಟಣೆಯೊಂದರ ಮೇಲೆ ಕದ್ದ ಸೀಟು ಕೂತಿತ್ತು. ಮುಂದೆ ಮರದ ಚೌಕಟ್ಟಿಗೆ ಡ್ಯಾಶ್‌ಬೋರ್ಡು, ಸ್ಟೀರಿಂಗು. ಎಡಗಡೆ ಒಂದು ಕಂಬಕ್ಕೆ ಕೀಲು ಹಾಕಿ, ತೆರೆದು ಮುಚ್ಚುವಂತೆ, ಬಿಳಿ ಬಾಗಿಲನ್ನು ತೂಗುಹಾಕಲಾಗಿತ್ತು. ಒಳಗೆ, ತಲೆಗೆ ನೀಲಿ ವಸ್ತ್ರ ಕಟ್ಟಿಕೊಂಡು, ವಾಲ್ಟ್‌ರ ಹೆಂಡತಿ ಡೆಲ್ಫಿನ್ ಎರಡು ಕೈಯಲ್ಲೂ ಚಕ್ರ ಹಿಡಿದು ಮುಂದಿನ ಗೋಡೆಯನ್ನು ಗಮನವಿಟ್ಟು ನೋಡುತ್ತಿದ್ದರು. ಬಲಗಡೆ ಅಡುಗೆಮನೆಯ ಕುರ್ಚಿಯೊಂದು ಖಾಲಿ ಇತ್ತು.

“ಬಾ, ಹತ್ತು,” ಎಂದರು ಡೆಲ್ಫಿನ್ ಇನ್‌ಸ್ಪೆಕ್ಟರ್‌ಗೆ. “ಜಾಸ್ತಿ ಹೊತ್ತು ನಿಲ್ಲಿಸಕ್ಕಾಗಲ್ಲ, ಹಿಂದೆ ಬೀಟ್ ಲಾರಿ ಇದೆ.”

ಯೋಲಾಂಡಾ ಒಂದು ಗಳಿಗೆ ನಿಂತು, ಆ ಕುರ್ಚಿಯ ಮೇಲೆ ಕೂತರು.

“ಎಲ್ಲಿಗೆ?” ಎಂದು ಕೇಳಿದರು ಡೆಲ್ಫಿನ್.

“ಆಲ್ಡರ್ ಕ್ರೀಕ್‌ಗೆ.”

“ದೂರ ಏನಿಲ್ಲ. ನಮ್ಮಪ್ಪ ಕಂಡ್ರೆ ಮಾತ್ರ ತಲೆ ಬಗ್ಗಿಸ್ಕೋ. ಮೂವತ್ತು ವರ್ಷ ಕಾರ್ಖಾನೇಲಿ ಇಲ್ಲಿನ ಕಾರು ಜೋಡಿಸಿದವರು. ಜಪಾನ್ ಕಾರು ನನ್ನ ಮನೆ ಮುಂದೆ ನಿಲ್ಲಕೂಡದು ಅಂತಾರೆ. ಚರ್ಚ್ ಹತ್ರ ನಿಲ್ಲಿಸಿ ನಡ್ಕೊಂಡು ಹೋಗ್ತೀನಿ.”

ವಾಲ್ಟ್ ಮೆಟ್ಟಿಲ ಬಳಿ ನಿಂತು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಕಾರು ಡೆಲ್ಫಿನ್ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಲ್ಲಿ ದುಡಿದು ಕೊಂಡದ್ದು. ಮರೆವಿನ ಕಾಯಿಲೆ ಶುರುವಾದಾಗ ಒಂದು ದಿನ ಆಕೆ ದಾರಿ ತಪ್ಪಿ ಪಕ್ಕದ ರಾಜ್ಯ ಒಹಾಯೊವರೆಗೆ ಹೋಗಿಬಿಟ್ಟಿದ್ದರು. ಮಗ ಗ್ರೆಗ್ ಹಟ ಹಿಡಿದು ಕಾರನ್ನು ಮಾರಿಸಿದ. ಆಕೆ ಮಧ್ಯಾಹ್ನ ಮಲಗಿದ್ದಾಗ ಲ್ಯಾನ್ಸಿಂಗ್‌ನ ವ್ಯಾಪಾರಿ ಬಂದು ಒಯ್ದ.

“ವರ್ಷಗಟ್ಟಲೆ ಕಾರೆಲ್ಲಿ ಅಂತ ಕೇಳ್ತಿದ್ಲು. ಆಮೇಲೆ ಕೇಳೋದು ನಿಲ್ತು. ಈ ವಸಂತದಲ್ಲಿ ನನ್ನ ಹೆಸರೂ ನಿಲ್ತು. ಬೇಸಿಗೇಲಿ ನೋಡ್ತೀನಿ, ಕುರ್ಚಿ ಮೇಲೆ ಕೂತು ಎಡಗೈಯಲ್ಲಿ ಪಕ್ಕದಲ್ಲಿ ಏನೋ ತಡಕ್ತಿದಾಳೆ. ದಿನಾ ಅದೇ. ಏನು ಹುಡುಕ್ತಾಳೆ ಅಂತ ಹೊಳೆಯೋಕೆ ತಿಂಗಳು ಬೇಕಾಯ್ತು.”

“ಡ್ವೇನ್‌ನನ್ನ ಯಾಕೆ ಕೇಳಲಿಲ್ಲ?”

“ಆಗಸ್ಟ್‌ನಲ್ಲಿ ಕೇಳೋಕೆ ಹೋದೆ. ಗ್ಯಾರೇಜು ತೆರೆದಿತ್ತು. ಗ್ರೈಂಡರ್ ಹಿಡಿದು ಮಡ್‌ಗಾರ್ಡು ಕತ್ತರಿಸ್ತಿದ್ದ, ಕಿಡಿ ಹಾರ್ತಿತ್ತು. ಅವಳ ಕಾರದು. ಕರೀದೆ ಹಾಗೇ ತಿರುಗಿ ಬಂದೆ. ಭಾನುವಾರ ಗಟ್ಟಿ ಮನಸ್ಸು ಮಾಡಿ ಮತ್ತೆ ಹೋದೆ. ಕರೆದೆ, ಯಾರೂ ಇರ್ಲಿಲ್ಲ. ಹೆಂಡತಿ ನಿದ್ದೆಯಲ್ಲಿದ್ದಾಗ ಅವಳ ಕಾರು ಮಾರಿದವನು ನಾನು ಅಂತ ಹೇಳೋದು ತಪ್ಪಿತಲ್ಲ ಅಂತ ಖುಷಿಯಾಯ್ತು. ಒಳಗೆ ಹೋದೆ. ತಪ್ಪು ನಂದೇ.”

“ಆಮೇಲೆ?”

“ಅವತ್ತೇ ಸಂಜೆ ಕೂರಿಸ್ದೆ. ಎಡಗೈ ಕಿಟಕಿಯಿಂದ ಹೊರಗಿಳಿದು ಸೀದಾ ಆ ನೆಗ್ಗಿದ ಜಾಗಕ್ಕೆ ಹೋಯ್ತು. ‘ವಾಲ್ಟ್, ಹುಲ್ಲು ಕೊಯ್ಯೋ ಗಾಡಿ ಹಿಮ್ಮುಖ ಓಡಿಸ್ಬೇಡ ಅಂತ ಹೇಳಿರ್ಲಿಲ್ವಾ’ ಅಂತ ಬೈದ್ಲು.” ಅವರು ಗೋಡೆ ಕಡೆ ಮುಖ ತಿರುಗಿಸಿದರು. “ಹೆಸರು ಹಿಡಿದು ಬೈದ್ಲು.”

ವಸ್ತುಗಳನ್ನು ಗುರುತಿಸಲು ಡ್ವೇನ್‌ಗೆ ಹೇಳಿಕಳುಹಿಸಿದರು. ಮಧ್ಯಾಹ್ನ ಅವನು ಬಂದ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದ ಮುಖ. ಗ್ಯಾರೇಜಿನೊಳಗೆ ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ.

ಡೆಲ್ಫಿನ್ ಅವನ ಕೈ ನೋಡಿದರು. “ಮೆಕ್ಯಾನಿಕ್ ನೀನೇನಾ? ಎಷ್ಟು ದಿನ ಇಟ್ಕೊಂಡೆ. ಏನು ಮಾಡ್ದೆ ನನ್ನ ಗಾಡಿಗೆ?”

ಡ್ವೇನ್ ಇನ್‌ಸ್ಪೆಕ್ಟರ್ ಮುಖ ನೋಡಿದ.

“ಎಂಜಿನ್ ತೆಗೆದೆ ಅಮ್ಮಾ,” ಎಂದ. “ಎಂಟು ಸಿಲಿಂಡರಿಂದು ಹಾಕಿದೀನಿ.”

ವಾಲ್ಟ್ ಕಣ್ಣು ಮುಚ್ಚಿಕೊಂಡರು.

“ಎಂಟಾ?” ಡೆಲ್ಫಿನ್ ಚಕ್ರ ಬಿಟ್ಟು ಪೂರ್ತಿ ಅವನ ಕಡೆ ತಿರುಗಿದರು. “ಮಡ್‌ಗಾರ್ಡು ಹಾಗೇ ಇದ್ಯಾ?”

“ಇಲ್ಲ. ಕತ್ತರಿಸ್ಬೇಕಾಯ್ತು.”

“ಮತ್ತೆ, ಕತ್ತರಿಸ್ದೆ ಇದ್ರೆ ಅಗಲ ಟೈರು ಹೇಗೆ ಹಿಡಿಯತ್ತೆ.” ಅವರು ಜೋರಾಗಿ ನಕ್ಕರು. “ವಾಲ್ಟ್, ಕೇಳಿಸ್ತಾ? ಎಂಟಂತೆ. ಇದಕ್ಕೆ ದಮ್ಮು ಸಾಲ್ದು, ದೊಡ್ಡ ಎಂಜಿನ್ ಹಾಕೋಣ ಅಂತ ಎಪ್ಪತ್ತೈದರಲ್ಲೇ ಬಡ್ಕೊಂಡೆ. ನೀನು ಬೇಡ ಅಂದೆ.”

ವಾಲ್ಟ್ ಮೆಟ್ಟಿಲ ಮೇಲೆ ಕೂತರು. “ಅಂದಿದ್ದೆ,” ಎಂದರು. “ಹೌದು, ಬೇಡ ಅಂದಿದ್ದೆ.”

ಮಾತು ಅಲ್ಲಿಗೆ ನಿಲ್ಲಲಿಲ್ಲ. ಎಷ್ಟು ವೇಗ ಹೋಗುತ್ತೆ, ಬ್ರೇಕು ಹಿಡಿಯುತ್ತೋ ಇಲ್ಲವೋ, ಬಿಳಿ ಬಣ್ಣವೇ ಇರುತ್ತೋ ಎಂದು ಡೆಲ್ಫಿನ್ ಒಂದೊಂದಾಗಿ ಕೇಳಿದರು. ಒಂದೆರಡು ಪ್ರಶ್ನೆ ಮತ್ತೆ ಮತ್ತೆ ಬಂದವು. ಪ್ರತಿ ಸಲವೂ ಡ್ವೇನ್ ಮೊದಲ ಸಲದಷ್ಟೇ ಶ್ರದ್ಧೆಯಿಂದ ಹೇಳಿದ. ಆರು ವರ್ಷದಲ್ಲಿ ಅವನ ಕಾರಿನ ಬಗ್ಗೆ ಇಷ್ಟು ಕುತೂಹಲದಿಂದ ಯಾರೂ ಕೇಳಿರಲಿಲ್ಲ.

ಹೊರಗೆ ಬಂದು ಅವನು ಇನ್‌ಸ್ಪೆಕ್ಟರ್‌ಗೆ ಹೇಳಿದ: “ದೂರು ವಾಪಸ್ ತಗೋತೀನಿ.”

“ನುಗ್ಗಿ ಕದ್ದಿದ್ದಕ್ಕೆ ಮೊಕದ್ದಮೆ ಹಾಕೋದು ಸರ್ಕಾರ, ನೀನಲ್ಲ. ನಾನು ಅವರನ್ನ ಕರ್ಕೊಂಡು ಹೋಗ್ಲೇಬೇಕು. ಆದ್ರೆ ನೀನು ಹೇಳೋದನ್ನ ಬರ್ಕೊಂಡು ಸರ್ಕಾರಿ ವಕೀಲರಿಗೆ ಕೊಡ್ತೀನಿ. ಸಾಮಾನು ನಿಂದು. ಫೋಟೋ ತೆಗೆದ ಮೇಲೆ ನೀನು ಎಲ್ಲಿಟ್ರೂ ನಿನ್ನಿಷ್ಟ.”

ಡ್ವೇನ್ ಬೂಟಿನ ತುದಿಯಿಂದ ನೆಲ ಕೆರೆದ. “ಇಲ್ಲೇ ಇರ್ಲಿ. ಬಾಗಿಲು ರಿಕ್ ಹತ್ರ ಇನ್ನೊಂದಿದೆ. ಸುಲಿಗೆ ಮಾಡ್ತಾನೆ, ಮಾಡ್ಲಿ. ಡ್ಯಾಶ್‌ಬೋರ್ಡೂ ಬೇರೆ ಹುಡುಕ್ತೀನಿ. ಆ ಪಟ್ಟಿ ಹೇಗೆ ಮಾಡಿದ್ರು ಅಂತ ಮಾತ್ರ ಯಜಮಾನ್ರು ಬಂದು ತೋರಿಸ್ಲಿ.”

ಮಧ್ಯಾಹ್ನ ಎರಡೂವರೆಗೆ ಯೋಲಾಂಡಾ ಹಕ್ಕುಗಳನ್ನು ಓದಿ ಹೇಳಿ ವಾಲ್ಟ್ ಜಬ್ಲೋನ್‌ಸ್ಕಿಯವರನ್ನು ಬಂಧಿಸಿದರು. ಮಗ ಗ್ರೆಗ್ ಬರುವವರೆಗೆ ಡೆಲ್ಫಿನ್ ಪಕ್ಕದ ಅಡುಗೆಮನೆ ಕುರ್ಚಿಯಲ್ಲಿ ಡ್ವೇನ್ ಕೂತಿದ್ದ.

ರಾತ್ರಿಯಾಗುವ ಮೊದಲೇ ವಾಲ್ಟ್‌ಗೆ ಜಾಮೀನು ಸಿಕ್ಕಿತು. ಮುಂದೆ ಆರೋಪವನ್ನು ಸಣ್ಣದಕ್ಕೆ ಇಳಿಸಿದ ನ್ಯಾಯಾಲಯ, ಜೈಲಿನ ಬದಲು ಒಂದು ವರ್ಷ ಅಧಿಕಾರಿಯ ನಿಗಾದಲ್ಲಿರಲು ಹೇಳಿ ಮನೆಗೆ ಕಳುಹಿಸಿತು. ಅಷ್ಟರಲ್ಲಾಗಲೇ ಶನಿವಾರಗಳಂದು ಡ್ವೇನ್‌ನ ಗ್ಯಾರೇಜಿನ ಮುಂದೆ ಹಸಿರು ಪಿಕಪ್ ನಿಲ್ಲತೊಡಗಿತ್ತು. ಆಗೆಲ್ಲ ಬರ್ನೀಸ್ ಫಿಂಚ್ ದೂರದಿಂದಲೇ ಕೈಬೀಸುತ್ತಿದ್ದರಂತೆ, ಸಾಮಾನಿಗೆ ಕೈಹಾಕುತ್ತಿರಲಿಲ್ಲವಂತೆ.

ಬಂಧಿಸಿದ ದಿನ ಠಾಣೆಯಲ್ಲಿ ಹೇಳಿಕೆ ಬರೆದು ಮುಗಿಸಿದ ಮೇಲೆ ಕೋಡಿಗೆ ಒಂದು ಅನುಮಾನ ಉಳಿದಿತ್ತು.

“ಸೀಟು, ಸ್ಟೀರಿಂಗು ಸರಿ. ಬರೀ ಆ ನೆಗ್ಗಿಗೋಸ್ಕರ ಅಷ್ಟು ಭಾರದ ಬಾಗಿಲು ಹೊತ್ರಾ? ಅದೊಂದನ್ನ ಬಿಟ್ಟಿದ್ರೆ ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ.”

ವಾಲ್ಟ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಯೋಚಿಸಿದರು.

“ಬಾಗಿಲು ಹಾಕಿದ ಸದ್ದು ಕೇಳದೆ ಅವಳು ಯಾವತ್ತೂ ಗಾಡಿ ಹೊರಡಿಸಿದವಳಲ್ಲ,” ಎಂದರು.