ಓರೆ ಮೇಜು

"ಯಾರನ್ನ ಕೇಳಿ ನನ್ನ ಮೆಷಿನ್ ನೆಟ್ಟಗೆ ಮಾಡಿದ್ರಿ?"

ಬಡಗಿ ಕಕ್ಕಾಬಿಕ್ಕಿಯಾದ. ಟೈಲರ್ ಹುಡುಗಿಯ ಮೆಷಿನ್ ಮೇಜಿಗೆ ಹೊಸ ಕಾಲು ಕೂರಿಸಲು ಬಂದವನು, ಅವಳು ಕೂರುವ ಬೆಂಚಿಗೆ ಓರೆಯಾಗಿದ್ದ ಮೇಜನ್ನು ನೇರ ಮಾಡಿ ನೆಲಕ್ಕೆ ಸ್ಕ್ರೂ ಬಿಗಿದಿದ್ದ. ಮೆಚ್ಚಿಕೊಳ್ಳಲಿ ಎಂಬ ಆಸೆ ಬೇರೆ.

"ಓರೆಯಾಗಿತ್ತಲ್ಲ ಅಂತ..."

"ಓರೆಯಾಗಿರೋದು ನನ್ನ ಕಣ್ಣು. ಎದುರಿಗಿಟ್ಟರೆ ಸೂಜಿ ಎರಡಾಗಿ ಕಾಣುತ್ತೆ."

ಹಾಗೆಂದು ಮುಖ ಎಡಕ್ಕೆ ತಿರುಗಿಸಿದಳು. ಅಂಗಡಿಯ ಮರಗೆಲಸ ಹಿಡಿದ ನಾಲ್ಕು ದಿನದಿಂದ ಅವನಿಗೆ ಚುಚ್ಚುತ್ತಿದ್ದದ್ದು ಅದೇ.

"ನನ್ನ ಕಂಡಾಗಲೆಲ್ಲ ಮುಖ ತಿರುಗಿಸೋದು..."

"ನಿಮ್ಮನ್ನ ನೋಡೋದಕ್ಕೇ. ನೇರ ನೋಡಿದರೆ ಇಬ್ಬರು ಕಾಣ್ತೀರಿ. ಒಬ್ಬರ ಕಾಟವೇ ಸಾಕಾಗಿದೆ."

ಕಣ್ಣಂಚಿನಲ್ಲಿ ನಗು ಇಣುಕಿ ಮರೆಯಾಯಿತು. ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

ಮೇಜನ್ನು ಮತ್ತೆ ಓರೆ ಮಾಡುತ್ತಾ ಕೇಳಿದ, "ಡಾಕ್ಟರಿಗೆ ತೋರಿಸಿಲ್ವಾ?"

"ಎಡಗಣ್ಣನ್ನ ಮೂಗಿನ ಕಡೆ ಎಳೆಯೋ ಸ್ನಾಯು ಬಿಗಿಯಾಗಿದೆಯಂತೆ. ಬಿಡಿಸಿ, ಹಿಂದಕ್ಕೆ ಸರಿಸಿ ಹೊಲೀತಾರಂತೆ. ಸೋಮವಾರ ಆಪರೇಷನ್. ಇಷ್ಟು ವಯಸ್ಸಿಗೆ ಯಾಕೆ ಬೇಕು, ಇದ್ದದ್ದೂ ಹೋದೀತು ಅಂತ ಅಮ್ಮನ ಗೋಳು. ಒಂದೇ ಸಲಕ್ಕೆ ಸರಿಹೋಗದೇ ಇರಬಹುದು ಅಂತ ಡಾಕ್ಟರೂ ಹೇಳಿದ್ದಾರೆ. ಸರಿಹೋಗದಿದ್ದರೆ ಇನ್ನೊಂದು ಸಲ. ಹೊಲಿಗೆ ಕೆಟ್ಟರೆ ನಾನು ಬಿಚ್ಚಿ ಹೊಲಿಯಲ್ವಾ?"

"ನನಗೆ ನೀವು ಹೀಗಿದ್ದರೂ..."

"ಈಗ ಹೇಳಬೇಡಿ," ಎಂದು ತಡೆದಳು. "ಕನಿಕರಕ್ಕೆ ಹೇಳಿದ್ರೇನೋ ಅಂತ ಆಮೇಲೆ ಹುಳ ಕೊರೆಯುತ್ತೆ. ಆಪರೇಷನ್ ಆಗಲಿ, ಎದುರೆದುರೇ ಕೇಳ್ತೀನಿ. ಅಲ್ಲೀತನಕ ಬಾಯಿ ಮುಚ್ಚಿಕೊಂಡಿರಿ."

ಮುಚ್ಚಿಕೊಂಡೇ ಇದ್ದ. ಮೂರು ವಾರ. ಗರಗಸದ ಮೇಲೆ ಸಿಟ್ಟು ತೀರಿಸಿಕೊಂಡ.

ನಾಲ್ಕನೇ ವಾರ ಅವಳ ಅಂಗಡಿ ಬಾಗಿಲು ತೆರೆದಿತ್ತು. ಬೆಂಚಿನ ಮೇಲೆ ಕೂತಿದ್ದಳು. ಮುಖ ಮಾತ್ರ ಎಡಕ್ಕೇ ಇತ್ತು. ಅವನು ಹೊಸಿಲಲ್ಲೇ ನಿಂತ.

"ಸರಿಹೋಗಲಿಲ್ವಾ?"

"ಕಣ್ಣು ಸರಿಹೋಯ್ತು. ಕತ್ತಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಮೆಲ್ಲಗೆ ಮುಖ ಈ ಕಡೆ ತಿರುಗಿಸಿದಳು. ಎಡಗಣ್ಣಿನ ಅಂಚು ಇನ್ನೂ ಕೆಂಪಗಿತ್ತು. ಎರಡೂ ಕಣ್ಣು ಅವನ ಮೇಲೆ ನೆಟ್ಟವು.

"ಎಷ್ಟು ಜನ ಕಾಣ್ತೀನಿ?"

"ಒಬ್ಬರೇ. ಸ್ಕ್ರೂಡ್ರೈವರ್ ತಂದಿದ್ದೀರಾ? ಮೇಜು ನೆಟ್ಟಗೆ ಮಾಡಿ."

"ಮೊದಲು ಮಾತು, ಆಮೇಲೆ ಮೇಜು," ಅಂದ. ಮೂರು ವಾರ ನುಂಗಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಮದುವೆಯ ಮಾತೂ ಅದರಲ್ಲೇ ಬಂತು.

ಅವಳು ರೆಪ್ಪೆ ಬಡಿಯದೆ ಕೇಳಿದಳು. ಮುಖ ತಿರುಗಿಸಿದ್ದು ಅವನು.

"ಗೋಡೆ ಯಾಕೆ ನೋಡ್ತೀರಿ? ಈ ಕಡೆ ನೋಡಿ," ಅಂದಳು. "ನಾನು ಒಪ್ಪಿದ್ದೀನಿ."