ಮೂವತ್ತೊಂದನೆಯ ಮರದ ಸುತ್ತಳತೆ

ಟೇಪು ಹಿಡಿದರೆ ನನ್ನ ಅಳತೆ ತಪ್ಪುವುದಿಲ್ಲ. ನಮ್ಮ ಅರಣ್ಯಶಾಸ್ತ್ರ ವಿಭಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಎರಡನೇ ವರ್ಷದ ಪರೀಕ್ಷೆಗೆ ಕಾಡಿನ ಒಂದು ತುಣುಕು ಕೊಟ್ಟಿದ್ದರು. ಅದರಲ್ಲಿ ಮೂವತ್ತು ಮರ. ಒಂದು ತಪ್ಪಿದರೂ ಡುಮ್ಕಿ. ನಾನು ಎದೆಯೆತ್ತರದಲ್ಲಿ ಟೇಪು ಸುತ್ತಿ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಕೂಗುತ್ತಿದ್ದೆ. ಅಂಚಿನಲ್ಲಿ ಕೂತ ಗೆಳತಿ, ನಾವೆಲ್ಲ ಗುಂಡಮ್ಮ ಎನ್ನುತ್ತಿದ್ದವಳು, ಅದನ್ನೇ ತಿರುಗಿ ಹೇಳಿ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

ನಡುಮಧ್ಯಾಹ್ನ. ಇಪ್ಪತ್ತನೇ ಮರದ ಹೊತ್ತಿಗೆ ಹಕ್ಕಿಗಳ ಸದ್ದು ನಿಂತಿತ್ತು. ನೆರಳಿನಲ್ಲಿದ್ದರೂ ತೊಗಟೆ ಮೈಯಷ್ಟು ಬೆಚ್ಚಗಿತ್ತು. ಅಂಕಿ ತಿರುಗಿ ಹೇಳುವ ದನಿ ನನ್ನ ಬೆನ್ನ ಹಿಂದಿನಿಂದ ಕೇಳತೊಡಗಿತು. ಗುಂಡಮ್ಮನೋ ಎದುರಿಗೇ ಇದ್ದಳು. ಕಾಡಿನಲ್ಲಿ ದನಿ ಹೀಗೇ ಆಟವಾಡಿಸುತ್ತದೆ ಎಂದುಕೊಂಡು ಮೂವತ್ತನ್ನೂ ಮುಗಿಸಿದೆ.

ಪುಸ್ತಕದಲ್ಲಿ ಮೂವತ್ತೊಂದು ಸಾಲಿತ್ತು.

"ಕೊನೇದು ಯಾವುದೇ ಇದು, ಎಂಬತ್ತಾರು?"

"ನೀನೇ ಕೂಗಿದ್ಯಲ್ಲೇ. ಅಲ್ಲಿ ನಿಂತು ಟೇಪು ಸುತ್ತುತಾ ಇದ್ದೆ," ಎಂದು ಅವಳು ತೋರಿಸಿದ ಕಡೆ ಬರೀ ಬಯಲಿತ್ತು.

ಇಬ್ಬರೂ ಎರಡೆರಡು ಸಲ ಎಣಿಸಿದೆವು. ಮೂವತ್ತೇ. ನಾನು ಆ ಸಾಲನ್ನು ಹೊಡೆದುಹಾಕಿ ಮೇಷ್ಟ್ರಿಗೆ ಪುಸ್ತಕ ಒಪ್ಪಿಸಿದೆ.

"ಇದನ್ಯಾಕಮ್ಮ ಹೊಡೆದೆ?"

"ಮರ ಮೂವತ್ತೇ ಇರೋದು ಸರ್."

"ಗೊತ್ತಮ್ಮ," ಎಂದವರು ಕಪಾಟಿನಿಂದ ಅದೇ ತುಣುಕಿನ ಹಳೆಯ ಅಳತೆ ಪುಸ್ತಕಗಳನ್ನು ತೆಗೆದು ನನ್ನ ಮುಂದಿಟ್ಟರು. ಒಂದೊಂದರಲ್ಲೂ ಬೇರೆ ಬೇರೆಯವರ ಕೈಬರಹ. ಮೂವತ್ತೊಂದನೆಯ ಸಾಲಿನಲ್ಲಿ ಹೋದ ವರ್ಷ ಎಂಬತ್ತನಾಲ್ಕು, ಅದರ ಹಿಂದಿನ ವರ್ಷ ಎಂಬತ್ತೆರಡು. ಆರೋಗ್ಯವಾಗಿರುವ ಮರ ವರ್ಷಕ್ಕೆ ಅಷ್ಟೇ ದಪ್ಪವಾಗುತ್ತದೆ.